ಕಿವಿಮೇಷ್ಟ್ರ ಬುದ್ಧಿಯಂತ್ರ

ಸುಳ್ಳು ಹೇಳಬಾರದು ಎಂದು ನಾನು ಯಾರಿಗೂ ಉಪದೇಶ ಮಾಡುವವನಲ್ಲ. ಕಾರ್ಖಾನೆಯ ಉಗ್ರಾಣದಲ್ಲಿ ಬೋಲ್ಟು ನಟ್ಟು ಕಾಯುವವನಿಗೆ ಅಷ್ಟು ದೊಡ್ಡ ಮಾತು ಒಪ್ಪುವುದೂ ಇಲ್ಲ. ಆದರೆ ಸುಳ್ಳು ಹೇಳುವವನು ಅದನ್ನು ಯಾರ ಬಾಯಿಗೆ ಹಾಕುತ್ತಿದ್ದೇನೆ ಎಂದಾದರೂ ಒಮ್ಮೆ ನೋಡಿಕೊಳ್ಳಬೇಡವೇ? ನಮ್ಮ ಕಿವಿಮೇಷ್ಟ್ರು ನೋಡಿಕೊಳ್ಳಲಿಲ್ಲ. ತಮ್ಮ ಬದುಕಿನ ಅತಿ ದೊಡ್ಡ ಸುಳ್ಳನ್ನು ಅವರು ಹೋಗಿ ಹೋಗಿ ಗೇಟಿನ ಕಾವಲುಗಾರನಿಗೆ ಹೇಳಿದರು.

ಕಿವಿಮೇಷ್ಟ್ರು ಎಂದರೆ ಪಾಠ ಹೇಳುವ ಮೇಷ್ಟ್ರಲ್ಲ. ನಮ್ಮದು ನೀರೆತ್ತುವ ಪಂಪು ತಯಾರಿಸುವ ಕಾರ್ಖಾನೆ. ಜೋಡಿಸಿದ ಪ್ರತಿಯೊಂದು ಪಂಪೂ ಪ್ಯಾಕಿಂಗಿಗೆ ಹೋಗುವ ಮೊದಲು ಸದ್ದಿನ ಮೇಜಿಗೆ ಬರುತ್ತದೆ. ಅಲ್ಲಿ ಎದುರುಬದುರಾಗಿ ಇಬ್ಬರು ನಿಂತಿರುತ್ತಾರೆ. ಪಂಪು ಓಡಿಸಿ, ಒಂದು ಉಕ್ಕಿನ ಸಲಾಕೆಯ ತುದಿಯನ್ನು ಅದರ ಮೈಗೆ ಒತ್ತಿ, ಇನ್ನೊಂದು ತುದಿಯನ್ನು ಕಿವಿಯ ಬುಡಕ್ಕೆ ಒತ್ತಿಕೊಂಡರೆ ಒಳಗಿನ ಬೇರಿಂಗಿನ ಆರೋಗ್ಯ ಕೇಳಿಸುತ್ತದೆ. ಗುಂಯ್ ಎಂದು ಒಂದೇ ಸಮ ಬಂದರೆ ಸರಿ, ಕರಕರ ಎಂದರೆ ವಾಪಸು. ಒಬ್ಬರ ತೀರ್ಪು ಸಾಲದು. ಇಬ್ಬರೂ ಹೂಂ ಎಂದು ತಲೆಯಾಡಿಸಿದರೆ ಮಾತ್ರ ಪಂಪಿನ ಮೇಲೆ ಹಸಿರು ಚೀಟಿ ಅಂಟುತ್ತದೆ. ಇದು ಕಾರ್ಖಾನೆ ಹುಟ್ಟಿದಾಗಿನ ಕಟ್ಟಳೆ.

ಆ ಇಬ್ಬರಲ್ಲಿ ಒಬ್ಬರು ಕಿವಿಮೇಷ್ಟ್ರು, ಇನ್ನೊಬ್ಬ ಗಡ್ಡಪ್ಪ. ಒಂದೇ ಸಲ ಕೆಲಸಕ್ಕೆ ಸೇರಿದವರು, ಒಂದೇ ಮೇಜಿನಲ್ಲಿ ಕೂದಲು ಹಣ್ಣಾದವರು. ಮಧ್ಯಾಹ್ನ ಕಂಪ್ರೆಸರ್ ಕೋಣೆಯ ಗೋಡೆಗೆ ಒರಗಿ ಬುತ್ತಿ ಬಿಚ್ಚುತ್ತಿದ್ದರು. ಒಬ್ಬರು ಮಾತಾಡಿದರೆ ಇನ್ನೊಬ್ಬರು ಹೂಂ ಹೂಂ ಎಂದು ತಲೆಯಾಡಿಸುವುದು, ಆಮೇಲೆ ಅವರ ಸರದಿ. ಇಷ್ಟು ವರ್ಷದಲ್ಲಿ ಮಾತಿಗೆ ಮಾತು ಬೆಳೆದು ಜಗಳವಾದದ್ದನ್ನು ಯಾರೂ ಕಾಣೆವು. ಸ್ನೇಹ ಅಂದರೆ ಹೀಗಿರಬೇಕು ಎಂದು ನಾವೆಲ್ಲ ಹೊಟ್ಟೆಕಿಚ್ಚು ಪಡುತ್ತಿದ್ದೆವು.

ನಮಗೆ ತಿಳಿಯದ ಸಂಗತಿ ಒಂದಿತ್ತು. ಕಿವಿಮೇಷ್ಟ್ರಿಗೆ ಒಂದು ವರ್ಷದಿಂದ ಕಿವಿ ಕೈಕೊಟ್ಟಿತ್ತು. ಸಲಾಕೆ ಒತ್ತಿಕೊಂಡರೆ ಉಕ್ಕು ತಣ್ಣಗಿದೆ ಎನ್ನುವುದಷ್ಟೇ ತಿಳಿಯುತ್ತಿತ್ತು. ಅವರು ಮಾಡುತ್ತಿದ್ದುದು ಇಷ್ಟೇ: ಗಡ್ಡಪ್ಪನ ಮುಖ ನೋಡುವುದು, ಅವನ ತಲೆ ಆಡಿದರೆ ತಮ್ಮದನ್ನೂ ಆಡಿಸುವುದು. ಸದ್ದಿನ ಮೇಜಿನವನಿಗೆ ಕಿವಿ ಕೇಳಿಸದು ಎಂದು ಗೊತ್ತಾದರೆ ಆ ದಿನವೇ ಮೇಜು ಬಿಡಬೇಕು. ಆದರೆ ಮನೆಯಲ್ಲಿ ಹೆಂಡತಿಯ ಸಹನೆ ಮುಗಿದಿತ್ತು. ಕುಕ್ಕರ್ ಕೂಗಿ ಕೂಗಿ ತಳ ಹತ್ತಿದರೂ ಅದರ ಪಕ್ಕದಲ್ಲೇ ನಿಂತು ಪೇಪರ್ ಓದುವ ಗಂಡನನ್ನು ಎಷ್ಟು ದಿನ ಸಹಿಸುವುದು? ಕೊನೆಗೆ ಆಕೆ ಅವರನ್ನು ಕೈಹಿಡಿದು ಬೇರೆ ಊರಿನ ಕಿವಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರು ಯಂತ್ರ ತೊಡಿಸುವ ಮೊದಲು ಬಹಳ ಹೊತ್ತು ಏನೇನೋ ಎಚ್ಚರಿಕೆ ಹೇಳಿದರು. ಕಿವಿಮೇಷ್ಟ್ರು ಅಭ್ಯಾಸಬಲದಿಂದ ಎಲ್ಲಕ್ಕೂ ತಲೆಯಾಡಿಸಿದರು.

ಮರುದಿನ ಬೆಳಿಗ್ಗೆ ಗೇಟಿನಲ್ಲಿ ಕಾವಲುಗಾರ ಅಡ್ಡ ನಿಂತ.

"ಏನ್ ಮೇಷ್ಟ್ರೇ, ಕಿವಿ ಹಿಂದೆ ಅದೇನೋ ಮಿಣಮಿಣ ಅಂತಿದೆ? ಕಿವಿ ಮಿಶಿನ್ನಾ?"

"ಛೆ ಛೆ! ಕಿವಿಗಲ್ಲಪ್ಪ, ಇದು ತಲೆಗೆ," ಎಂದರು ಕಿವಿಮೇಷ್ಟ್ರು. ಮುಂದೇನು ಹೇಳಬೇಕೆಂದು ಅವರಿಗೇ ಗೊತ್ತಿರಲಿಲ್ಲ.

"ತಲೆಗೇನಾಗಿದೆ?"

"ಏನೂ ಆಗಿಲ್ಲ. ಇರೋದನ್ನೇ ಇನ್ನಷ್ಟು ಮಾಡುತ್ತೆ. ಹೊಸ ತಂತ್ರಜ್ಞಾನ. ನೆನಪು, ಗಮನ, ಲೆಕ್ಕ ಎಲ್ಲ ಹೆಚ್ಚುತ್ತೆ."

"ಎಷ್ಟು ಹೆಚ್ಚುತ್ತೆ?"

"ಅದು ಮೊದಲು ಎಷ್ಟಿತ್ತು ಅನ್ನೋದರ ಮೇಲೆ."

ಕಾವಲುಗಾರ ಬಾಯಿಬಿಟ್ಟು ನಿಂತ. ಬಿಟ್ಟ ಬಾಯಿಯನ್ನು ಅವನು ಸಂಜೆಯವರೆಗೆ ಮುಚ್ಚಲಿಲ್ಲ. ಕಿವಿಮೇಷ್ಟ್ರು ಅಂಗಳ ದಾಟಿ ಮೇಜು ಸೇರುವಷ್ಟರಲ್ಲಿ ಅವರ ಮೆದುಳಿಗೆ ತಂತಿ ಎಳೆದಿದ್ದಾರಂತೆ ಎಂಬ ಸುದ್ದಿ ಉಗ್ರಾಣದಲ್ಲಿ ಕೂತಿದ್ದ ನನಗೂ ತಲುಪಿತ್ತು.

ಮೊದಲ ಪಂಪು ಬಂತು. ಕಿವಿಮೇಷ್ಟ್ರು ಎಂದಿನಂತೆ ಸಲಾಕೆಯನ್ನು ಕಿವಿಯ ಬುಡಕ್ಕೆ ಒತ್ತಿದರು. ಕಿವಿಯ ಬುಡದಲ್ಲಿ ಈಗ ಯಂತ್ರ ಇತ್ತು. ಉಕ್ಕಿನ ತುದಿ ನೇರ ಅದರ ಮೇಲೆ ಕೂತಿತು. ಪಂಪಿನ ನಡುಕಕ್ಕೆ ಸಲಾಕೆ ಯಂತ್ರವನ್ನು ಕರಕರ ಕೆರೆಯಿತು, ಯಂತ್ರ ಆ ಕೆರೆತವನ್ನು ನಿಷ್ಠೆಯಿಂದ ಹತ್ತುಪಟ್ಟು ಮಾಡಿ ಕಿವಿಯೊಳಗೆ ಸುರಿಯಿತು. ಮೇಷ್ಟ್ರು ಹೌಹಾರಿದರು. ವರ್ಷದ ಮೇಲೆ ಕೇಳಿಸಿದ ಮೊದಲ ಪಂಪು, ಅದೂ ಹೀಗೆ! ಅವರು ತಲೆಯನ್ನು ಅಡ್ಡಡ್ಡ ಆಡಿಸಿದರು. ಎದುರಿನ ಗಡ್ಡಪ್ಪ ಒಂದು ಕ್ಷಣ ಕಣ್ಣರಳಿಸಿ ನೋಡಿ ತಾನೂ ಅಡ್ಡಡ್ಡ ಆಡಿಸಿದ. ಎರಡನೆಯ ಪಂಪಿಗೂ ಹಾಗೇ ಆಯಿತು, ಮೂರನೆಯದಕ್ಕೂ. ಮಧ್ಯಾಹ್ನದ ಹೊತ್ತಿಗೆ ವಾಪಸಾದ ಪಂಪುಗಳು ಬಾಗಿಲಿಗೆ ಅಡ್ಡವಾಗಿ, ಜನ ಕಿಟಕಿಯ ಕಡೆಯಿಂದ ಸುತ್ತಿ ಬರಬೇಕಾಯಿತು.

ಮ್ಯಾನೇಜರು ಓಡಿ ಬಂದರು. ನಮ್ಮ ಮ್ಯಾನೇಜರು ಕೆಳಗಿನಿಂದಲೇ ಮೇಲೆ ಬಂದವರು, ಯೌವನವೆಲ್ಲ ಇದೇ ಯಂತ್ರಗಳ ನಡುವೆ ಕಳೆದವರು. ಯಾರು ಏನು ಹೇಳಿದರೂ ಪೂರ್ತಿ ಕೇಳುವ ವ್ಯವಧಾನ ಅವರಿಗಿಲ್ಲ ಎಂದು ಪ್ರತೀತಿ. ಪಂಪುಗಳನ್ನು ಬಿಚ್ಚಿಸಿ ನೋಡಿದರು. ಬೇರಿಂಗು ಸರಿಯಿದೆ, ಜೋಡಣೆ ಸರಿಯಿದೆ, ದೋಷವೆಂಬುದೇ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ಪರೀಕ್ಷೆ ಮಾಡಿದವನನ್ನು ಅನುಮಾನಿಸುತ್ತಿದ್ದರು. ಆದರೆ ಕಾವಲುಗಾರ ಅಷ್ಟರಲ್ಲಿ ಅವರನ್ನೂ ಭೇಟಿ ಮಾಡಿದ್ದ.

"ಆಹಾ!" ಎಂದರು ಮ್ಯಾನೇಜರು. "ಮನುಷ್ಯನ ಕಣ್ಣಿಗೆ ಕಾಣದ ದೋಷ! ಇಷ್ಟು ಸೂಕ್ಷ್ಮವಾದ್ದನ್ನ ಮಾಮೂಲಿ ಬುದ್ಧಿ ಹಿಡಿಯೋದುಂಟಾ? ಮೇಷ್ಟ್ರೇ, ನೀವು ಇನ್ನು ಮಾಮೂಲಿ ಮನುಷ್ಯ ಅಲ್ಲ!"

ಕಿವಿಮೇಷ್ಟ್ರು ಏನೋ ಹೇಳಹೊರಟರು. ಆದರೆ ಹೊಗಳಿಕೆ ಇಷ್ಟು ಸ್ಪಷ್ಟವಾಗಿ ಕಿವಿಗೆ ಬಿದ್ದು ಬಹಳ ಕಾಲವಾಗಿತ್ತು. ಮುಂದಿನ ಪಂಪಿಗೆ ಸಲಾಕೆ ಒತ್ತಿದರು.

ಮನೆಯಲ್ಲೂ ನೆಮ್ಮದಿ ಇರಲಿಲ್ಲ. ಕಾವಲುಗಾರನ ಅತ್ತಿಗೆ ಅದೇ ಬೀದಿಯವಳು. ಸಂಜೆ ಅವರು ಚಪ್ಪಲಿ ಬಿಡುವ ಮೊದಲೇ ಎದುರುಮನೆಯ ಅಜ್ಜಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

"ಬಾಪ್ಪ. ನನ್ನ ಕನ್ನಡಕ ಎಲ್ಲಿಟ್ಟಿದೀನಿ ಹೇಳು."

"ನಂಗೆ ಹೇಗೆ ಗೊತ್ತಾಗುತ್ತಜ್ಜಿ?"

"ಮತ್ತೆ ಆ ಯಂತ್ರ ಯಾಕೆ? ನನಗೇ ಗೊತ್ತಿರೋದನ್ನ ಹೇಳೋಕಾ?"

ಕೆಳಮನೆಯ ಬಾಡಿಗೆದಾರ ಅವರನ್ನು ಕಂಡರೆ ಕಣ್ಣು ತಪ್ಪಿಸತೊಡಗಿದ. ಮೆದುಳು ಅಷ್ಟು ಹೆಚ್ಚಿದವನಿಗೆ ಎದುರಿನವರ ಮನಸ್ಸೂ ಓದಲು ಬರುತ್ತದೆ ಎಂದು ಯಾರೋ ಅವನಿಗೆ ಹೇಳಿದ್ದರಂತೆ. ಅವನ ಮನಸ್ಸಿನಲ್ಲಿ ಏನಿತ್ತೋ, ಒಂದು ವಾರ ಹಿತ್ತಲ ಬಾಗಿಲಿನಲ್ಲೇ ಓಡಾಡಿದ. ಇನ್ನು ಹೆಂಡತಿಯ ತಮ್ಮ, ಯಾವ ಉದ್ಯೋಗದಲ್ಲೂ ನಿಲ್ಲದೆ ಎಲ್ಲ ಉದ್ಯೋಗದ ಬಗ್ಗೆಯೂ ಸಲಹೆ ಕೊಡುವ ಮಹಾನುಭಾವ, ಪೆಟ್ಟಿಗೆ ಸಮೇತ ಬಂದು ಇಳಿದ.

"ಭಾವ, ಇದರ ಏಜೆನ್ಸಿ ನನಗೆ ಕೊಡಿಸಿ. ಇನ್ನು ಮುಂದೆ ಪ್ರಪಂಚದಲ್ಲಿ ಎರಡೇ ಜಾತಿ. ಯಂತ್ರ ಇರೋರು, ಯಂತ್ರ ಇಲ್ಲದೋರು. ನಾವು ಮೊದಲನೇ ಸಾಲಲ್ಲಿ ನಿಲ್ಲಬೇಕು."

"ಹೇಳಿದ್ದನ್ನ ನೆಟ್ಟಗೆ ಕೇಳಿಸಿಕೊಳ್ಳಲಿ ಅಂತ ಹಾಕಿಸಿದ್ದು," ಎಂದಳು ಹೆಂಡತಿ ಒಳಗಿನಿಂದ. "ಅದಕ್ಕಿಂತ ಹೆಚ್ಚಿಂದೇನೂ ಅದರಿಂದ ಆಗಿಲ್ಲ, ನಾನು ನೋಡ್ತಾನೇ ಇದೀನಿ."

"ಅಕ್ಕ ಹಳೇ ಕಾಲದವಳು, ಬಿಡಿ ಭಾವ," ಎಂದ ಭಾವಮೈದ.

ಗಂಡ ಕಣ್ಣಿನಲ್ಲೇ ಬೇಡಿಕೊಂಡದ್ದರಿಂದ ಆಕೆ ಮತ್ತೆ ಬಾಯಿಬಿಡಲಿಲ್ಲ. ತಮ್ಮ ಮಲಗಿದ ಮೇಲೆ ಮಾತ್ರ, "ರೀ, ನಾಳೆನೇ ನಿಜ ಹೇಳಿಬಿಡಿ. ಇದು ಎಲ್ಲಿಗೋ ಹೋಗ್ತಿದೆ," ಎಂದಳು. ಮೇಷ್ಟ್ರು ತಲೆಯಾಡಿಸಿದರು. ಕೇಳಿಸಿದ್ದರೂ ಕೇಳಿಸದವರಂತೆ ತಲೆಯಾಡಿಸುವ ಕಲೆ ಅವರಿಗೆ ಚೆನ್ನಾಗಿ ಸಿದ್ಧಿಸಿತ್ತು.

ಅದು ಎಲ್ಲಿಗೆ ಹೋಗುತ್ತಿತ್ತು ಎಂಬುದು ಆ ವಾರದಲ್ಲೇ ತಿಳಿಯಿತು. ಮ್ಯಾನೇಜರು ಕಿವಿಮೇಷ್ಟ್ರನ್ನು ಕೋಣೆಗೆ ಕರೆಸಿ ಬಾಗಿಲು ಹಾಕಿಕೊಂಡರು. ದೊಡ್ಡದೊಂದು ಕಂಪನಿ ನಮ್ಮ ಪಂಪು ಕೊಳ್ಳಲು ಮುಂದೆ ಬಂದಿದೆ, ಅವರ ಎಂಜಿನಿಯರು ಪರೀಕ್ಷೆ ನೋಡಲು ಬರುತ್ತಾರೆ, ಅವರೆದುರು ಹೊಸ ವ್ಯವಸ್ಥೆಯ ಪ್ರದರ್ಶನ ಆಗಬೇಕು ಎಂದರು.

"ಹೊಸ ವ್ಯವಸ್ಥೆ ಅಂದ್ರೆ ಏನ್ ಸಾರ್?"

"ಒಂದೇ ಮೇಜು, ಒಂದೇ ತಲೆ! ಇಂಥ ತಲೆ ಇರುವಾಗ ಎದುರಿಗೆ ಇನ್ನೊಂದು ಮಾಮೂಲಿ ತಲೆ ಯಾಕೆ ದಂಡಕ್ಕೆ? ಪ್ರದರ್ಶನ ಮುಗಿದ ಮೇಲೆ ಗಡ್ಡಪ್ಪನ್ನ ಮನೆಗೆ ಕಳಿಸೋಣ. ಬೇರೆ ಕಡೆ ಕೆಲಸ ಖಾಲಿ ಇಲ್ಲ."

ಕಿವಿಮೇಷ್ಟ್ರು ಎರಡೂ ಕೈ ಜೋಡಿಸಿದರು. "ಸಾರ್, ಅವನಿಲ್ದೆ ನನ್ನ ಕೈಲಿ ಆಗಲ್ಲ," ಎಂದರು. ಅದರಷ್ಟು ನಿಜವಾದ ಮಾತನ್ನು ಅವರು ಆ ವರ್ಷ ಆಡಿರಲಿಲ್ಲ.

"ಎಷ್ಟು ವಿನಯ!" ಎಂದರು ಮ್ಯಾನೇಜರು. "ಬುದ್ಧಿ ಹೆಚ್ಚಿದಷ್ಟೂ ವಿನಯ ಹೆಚ್ಚುತ್ತೆ, ನೋಡಿ."

ಸುದ್ದಿ ಮೇಷ್ಟ್ರಿಗಿಂತ ಮೊದಲೇ ಹೊರಗೆ ಬಂದಿತ್ತು. ಕಾರ್ಮಿಕ ಸಂಘದ ಕಾರ್ಯದರ್ಶಿ ಕ್ಯಾಂಟೀನಿನಲ್ಲಿ ಮೇಜು ಗುದ್ದಿ ಭಾಷಣ ಮಾಡಿದ. "ಒಂದು ಕಿವಿಗೆ ಹಾಕಿಸಿಕೊಂಡಿದ್ದಕ್ಕೆ ಒಬ್ಬನ ಕೆಲಸ ಹೋಯ್ತು. ನಾಳೆ ಇನ್ನೊಂದು ಕಿವಿಗೂ ಹಾಕಿಸಿಕೊಂಡರೆ? ಇದು ಒಬ್ಬನ ತಲೆಯ ಪ್ರಶ್ನೆ ಅಲ್ಲ, ನಮ್ಮೆಲ್ಲರ ತಲೆಯ ಪ್ರಶ್ನೆ!" ಎಲ್ಲರೂ ಚಪ್ಪಾಳೆ ತಟ್ಟಿದೆವು. ಚಪ್ಪಾಳೆಯ ನಡುವೆಯೇ ಇಬ್ಬರು ನನ್ನ ಹತ್ತಿರ ಬಗ್ಗಿ, ಆ ಯಂತ್ರ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದರು.

ಆ ಮಧ್ಯಾಹ್ನ ಗಡ್ಡಪ್ಪ ಬುತ್ತಿ ಬಿಚ್ಚಲಿಲ್ಲ. ಕಂಪ್ರೆಸರ್ ಗೋಡೆಯ ಪಕ್ಕ ನಿಂತು ಸ್ನೇಹಿತನನ್ನು ನೋಡಿದ. ಕಂಪ್ರೆಸರ್ ಬಡಿದುಕೊಳ್ಳುತ್ತಲೇ ಇತ್ತು, ಆದರೂ ಯಂತ್ರದ ದಯೆಯಿಂದ ಅವನ ಮಾತು ಮೇಷ್ಟ್ರಿಗೆ ತಲುಪಿತು.

"ನನ್ನ ವಿಷಯ ಎಲ್ಲ ಗೊತ್ತಿದ್ದೂ ಹೀಗೆ ಮಾಡಿದೆಯಲ್ಲೋ," ಎಂದ ಗಡ್ಡಪ್ಪ. "ನೀನು ಅಂತ ನಂಬಿದ್ದೆ."

"ನಿನ್ನ ಯಾವ ವಿಷಯ? ಏನು ಗೊತ್ತಿದ್ದು?" ಮೇಷ್ಟ್ರು ಅವನ ತೋಳು ಹಿಡಿದುಕೊಂಡರು. "ಕೇಳೋ ಇಲ್ಲಿ. ಇದು ಬುದ್ಧಿಯಂತ್ರ ಅಲ್ಲ, ಏನೂ ಅಲ್ಲ. ಬರೀ ಕಿವಿ ಮಿಶಿನ್ನು. ನನಗೆ ಕಿವಿ ಕೇಳಿಸಲ್ಲ. ಹೆದರಿ ಸುಳ್ಳು ಹೇಳಿದೆ. ನಾಳೆ ಎಲ್ಲರ ಮುಂದೆ ಹೇಳಿಬಿಡ್ಲಾ?"

ಗಡ್ಡಪ್ಪ ಅವರ ತುಟಿಯನ್ನೇ ನೋಡುತ್ತಿದ್ದ. ಆಮೇಲೆ ಹೂಂ ಎಂದು ತಲೆಯಾಡಿಸಿದ. ತೋಳು ಬಿಡಿಸಿಕೊಂಡು ಹೊರಟುಹೋದ. ನಿಜ ಕೇಳಿಯೂ ಮುಖ ತಿರುಗಿಸಿಕೊಂಡು ಹೋದನಲ್ಲ ಎಂದು ಮೇಷ್ಟ್ರಿಗೆ ಊಟ ಸೇರಲಿಲ್ಲ. ಬುತ್ತಿ ಹಾಗೇ ಮನೆಗೆ ಹೋಯಿತು, ಹೆಂಡತಿ ಬೈದಳು, ಅದು ಪೂರ್ತಿ ಕೇಳಿಸಿತು.

ಪ್ರದರ್ಶನದ ದಿನ ಬಂತು. ಬೆಳಿಗ್ಗೆ ಮೇಷ್ಟ್ರು ಕಿವಿಗೆ ಯಂತ್ರ ಸಿಕ್ಕಿಸಿಕೊಂಡರು. ದೀಪ ಒಮ್ಮೆ ಮಿನುಗಿತು. ಯಂತ್ರವನ್ನು ರಾತ್ರಿ ಅದರ ಡಬ್ಬಿಯಲ್ಲಿಟ್ಟು ಚಾರ್ಜ್ ಮಾಡಬೇಕು, ಮಾಡದಿದ್ದರೆ ಹೆಚ್ಚು ಹೊತ್ತು ಬಾಳದು. ಆ ರಾತ್ರಿ ಅದು ಡಬ್ಬಿಯಲ್ಲಿರಲಿಲ್ಲ, ಭಾವಮೈದನ ಕಿವಿಯಲ್ಲಿತ್ತು. ಏಜೆನ್ಸಿ ಹಿಡಿಯುವವನು ಸರಕನ್ನು ಮೊದಲು ತಾನೇ ಪರೀಕ್ಷಿಸಬೇಕಲ್ಲವೇ? ಬೆಳಗಾಗುವುದರೊಳಗೆ ತಾನು ಮೇಧಾವಿ ಆಗುತ್ತೇನೆಂದು ಹಾಕಿಕೊಂಡೇ ಮಲಗಿದ. ಅವನು ಕಂಡುಕೊಂಡ ಒಂದೇ ಸತ್ಯವೆಂದರೆ ಬಚ್ಚಲಮನೆಯ ನಲ್ಲಿ ಸೋರುತ್ತದೆ ಎನ್ನುವುದು. ಬೆಳಿಗ್ಗೆ ಯಂತ್ರವನ್ನು ಸದ್ದಿಲ್ಲದೆ ಡಬ್ಬಿಗೆ ಸೇರಿಸಿಟ್ಟಿದ್ದ.

ಕಾರ್ಖಾನೆಯಲ್ಲಿ ನೆಲ ತೊಳೆದಿದ್ದರು. ಖರೀದಿ ಕಂಪನಿಯ ಎಂಜಿನಿಯರಮ್ಮ ಬಂದಳು. ಸಣ್ಣ ವಯಸ್ಸು, ಚುರುಕು ಕಣ್ಣು, ಒಳಗೆ ಕಾಲಿಟ್ಟವಳೇ ಸದ್ದಿಗೆ ಹುಬ್ಬು ಗಂಟಿಕ್ಕಿದಳು. ಮ್ಯಾನೇಜರು ಎಲ್ಲರನ್ನೂ ಮೇಜಿನ ಸುತ್ತ ನಿಲ್ಲಿಸಿದ್ದರು. ಗಡ್ಡಪ್ಪ ಹಿಂದಿನ ಸಾಲಿನಲ್ಲಿದ್ದ, ಆದರೆ ಅಷ್ಟು ವರ್ಷದ ಕಾಲು ಕೇಳುತ್ತದೆಯೇ? ಪಂಪು ಮೇಜಿಗೆ ಬಂದ ಕೂಡಲೇ ಅವನು ತಿಳಿಯದೆ ತನ್ನ ಜಾಗಕ್ಕೆ ಬಂದು ನಿಂತ.

"ನಮ್ಮ ಮೇಷ್ಟ್ರ ಮೆದುಳನ್ನ ತಂತ್ರಜ್ಞಾನದಿಂದ ಮೇಲ್ದರ್ಜೆಗೆ ಏರಿಸಲಾಗಿದೆ!" ಎಂದು ಮ್ಯಾನೇಜರು ಘೋಷಿಸಿದರು. "ಒಳ್ಳೇ ಪಂಪುಗಳ ನಡುವೆ ಒಂದು ಕೆಟ್ಟ ಪಂಪು ಸೇರಿಸಿದೀವಿ. ಯಾವುದು ಅಂತ ಅವರೇ ಹೇಳ್ತಾರೆ. ನೋಡ್ತಾ ಇರಿ!"

ಮೇಷ್ಟ್ರು ಬಾಯಿ ತೆರೆದರು. ನಿಜ ಹೇಳಬೇಕೆಂದೇ ತೆರೆದದ್ದು, ಅದನ್ನು ಅವರು ಆಮೇಲೆ ಆಣೆಯಿಟ್ಟು ಹೇಳಿದ್ದಾರೆ, ನಾನು ನಂಬುತ್ತೇನೆ. ಆದರೆ ಅದೇ ಗಳಿಗೆಗೆ ಕಿವಿಯಲ್ಲಿ ಟಿಣ್ ಎಂದಿತು, ದೀಪ ಆರಿತು, ಇಡೀ ಜಗತ್ತಿಗೆ ಹತ್ತಿ ತುಂಬಿದಂತಾಯಿತು. ಯಾರೋ ಗುಂಡಿ ಒತ್ತಿದರು. ಪಂಪು ಶುರುವಾಯಿತು.

ಶುರುವಾದದ್ದು ಕೆಟ್ಟ ಪಂಪೇ. ಜೋಡಣೆಯ ಹುಡುಗರು ಉತ್ಸಾಹದಲ್ಲಿ ಬೇರಿಂಗಿನೊಳಗೆ ಮರಳನ್ನೇ ಸುರಿದಿದ್ದರು. ಅದು ಹೊರಡಿಸಿದ ಅರಚಾಟಕ್ಕೆ ಎಂಜಿನಿಯರಮ್ಮ ಎರಡೂ ಕಿವಿ ಮುಚ್ಚಿಕೊಂಡು ಹಿಂದಕ್ಕೆ ಹಾರಿದಳು. ಹುಡುಗರು ಕಿವಿ ಮುಚ್ಚಿದರು. ಮೇಷ್ಟ್ರು ಮಾತ್ರ ಸಲಾಕೆಯನ್ನು ಕಿವಿಗೆ ಒತ್ತಿ, ಮಂದಹಾಸದಿಂದ ಗಡ್ಡಪ್ಪನ ಮುಖ ನೋಡಿದರು. ಗಡ್ಡಪ್ಪನೂ ಸಲಾಕೆ ಒತ್ತಿಕೊಂಡು ಮೇಷ್ಟ್ರ ಮುಖ ನೋಡಿದ. ಇಬ್ಬರೂ ಎವೆಯಿಕ್ಕದೆ ಹಾಗೇ ನಿಂತರು. ಪಂಪು ಎಷ್ಟು ಅದುರುತ್ತಿತ್ತೆಂದರೆ ಮೇಜೂ ಅದುರಿತು, ಸಲಾಕೆಯೂ ಅದುರಿತು, ಸಲಾಕೆಗೆ ಆನಿಸಿದ್ದ ಎರಡು ತಲೆಗಳೂ ಮೆಲ್ಲಗೆ ಮೇಲೆ ಕೆಳಗೆ ಅಲ್ಲಾಡಿದವು. ಗಡ್ಡಪ್ಪನ ತಲೆ ಆಡಿತೆಂದು ಮೇಷ್ಟ್ರು ಜೋರಾಗಿ ತಲೆಯಾಡಿಸಿದರು. ಮೇಷ್ಟ್ರ ತಲೆ ಆಡಿತೆಂದು ಗಡ್ಡಪ್ಪ ಇನ್ನೂ ಜೋರಾಗಿ ಆಡಿಸಿದ. ಒಂದು ವರ್ಷ ನಮ್ಮ ಪಂಪುಗಳು ಹೇಗೆ ಪಾಸಾಗುತ್ತಿದ್ದವು ಎಂಬುದು ಎಲ್ಲರ ಕಣ್ಣೆದುರಿಗೆ ಬಯಲಾಯಿತು.

ಮೇಷ್ಟ್ರು ಹಸಿರು ಚೀಟಿ ಅಂಟಿಸಿದರು.

"ನೋಡಿದ್ರಾ!" ಎಂದು ಮ್ಯಾನೇಜರು ಕುಣಿದಾಡಿದರು. ಅವರು ಕಿವಿ ಮುಚ್ಚಿಕೊಂಡಿರಲಿಲ್ಲ ಎಂಬುದನ್ನು ನಾನು ಆಗಲೇ ಗಮನಿಸಿದೆ.

ಎಂಜಿನಿಯರಮ್ಮ ಪಂಪು ನಿಲ್ಲಿಸಿದಳು. ಇಬ್ಬರನ್ನೂ ನೋಡಿದಳು, ಮ್ಯಾನೇಜರನ್ನು ನೋಡಿದಳು. ನಿಧಾನವಾಗಿ ಮ್ಯಾನೇಜರ ಬೆನ್ನ ಹಿಂದೆ ಹೋಗಿ ನಿಂತು, ಮಾಮೂಲಿ ದನಿಯಲ್ಲಿ, "ಸಾರ್, ನಿಮ್ಮ ಆರ್ಡರ್ ರದ್ದು ಮಾಡಿದೀನಿ," ಎಂದಳು. ಮ್ಯಾನೇಜರು ನಗುತ್ತಲೇ ಇದ್ದರು. ಅವಳು ತಿರುಗಿ ನಮ್ಮೆಲ್ಲರ ಕಡೆ ನೋಡಿ ಏನೋ ಕೇಳಿದಳು. ಹಳಬರೆಲ್ಲ ಒಟ್ಟಾಗಿ ಹೂಂ ಎಂದು ತಲೆಯಾಡಿಸಿದೆವು. ಅವಳು ಕೇಳಿದ್ದು, "ಇಲ್ಲಿ ಯಾರಿಗಾದರೂ ಕಿವಿ ಕೇಳಿಸುತ್ತಾ?" ಎಂದು. ಅವಳ ಎರಡೂ ಮಾತನ್ನು ಜೋಡಣೆಯ ಹುಡುಗರು ಆಮೇಲೆ ಹೇಳಿದರು.

ಆರ್ಡರ್ ಪೂರ್ತಿ ಹೋಗಲಿಲ್ಲ. ಪಂಪು ಚೆನ್ನಾಗಿಯೇ ಇತ್ತಲ್ಲ, ಕೆಟ್ಟಿದ್ದು ಕಿವಿ. ಎಲ್ಲರ ಕಿವಿ ಪರೀಕ್ಷೆ ಆಗಬೇಕು, ಸದ್ದು ಮಾಡುವ ಯಂತ್ರಗಳಿಗೆ ಮುಚ್ಚಳ ಹಾಕಬೇಕು, ಸದ್ದಿನ ಮೇಜಿಗೆ ಅಳೆಯುವ ಉಪಕರಣ ತರಬೇಕು ಎಂದು ಎಂಜಿನಿಯರಮ್ಮ ಹಟ ಹಿಡಿದಳು. ಪರೀಕ್ಷೆಯಲ್ಲಿ ಹಳಬರೆಲ್ಲ ನಪಾಸು. ಮ್ಯಾನೇಜರಿಗೆ ವ್ಯವಧಾನ ಸಾಲದು ಎಂಬ ಪ್ರತೀತಿಯೂ ಅಂದಿಗೆ ಮುಗಿಯಿತು. ಎಷ್ಟೋ ವರ್ಷಗಳಿಂದ ನಾವು ಅವರಿಗೆ ಕೊಡುತ್ತಿದ್ದ ದೂರುಗಳಲ್ಲಿ ಒಂದೂ ಅವರ ಕಿವಿಗೆ ಬಿದ್ದಿರಲಿಲ್ಲ. ಒಬ್ಬೊಬ್ಬರಿಗೂ ಕಾರ್ಖಾನೆಯೇ ಯಂತ್ರ ಹಾಕಿಸಿತು. ಮೊದಲ ವಾರ ಕಾರ್ಖಾನೆಯಲ್ಲಿ ಹಿಂದೆಂದೂ ಕಾಣದಷ್ಟು ಜಗಳವಾಯಿತು. ಅದುವರೆಗೆ ಯಾರು ಯಾರಿಗೆ ಏನು ಅನ್ನುತ್ತಿದ್ದರು ಎಂಬುದು ಆಗ ತಾನೇ ತಿಳಿಯತೊಡಗಿತ್ತು.

ಮೇಷ್ಟ್ರ ಮತ್ತು ಗಡ್ಡಪ್ಪನ ಮೇಜು ಹೋಯಿತು. ಪ್ಯಾಕಿಂಗಿನಲ್ಲಿ ಇಬ್ಬರಿಗೂ ಜಾಗ ಕೊಟ್ಟರು. ಜಾಗ ಸಿಕ್ಕಿದರೂ ಗಡ್ಡಪ್ಪ ಸ್ನೇಹಿತನ ಕಡೆ ತಿರುಗಿ ನೋಡುತ್ತಿರಲಿಲ್ಲ. ಅವನ ಯಂತ್ರ ಬಂದ ದಿನ ಮಧ್ಯಾಹ್ನ ನಾನೂ ನನ್ನ ಹೊಸ ಯಂತ್ರ ಹಾಕಿಕೊಂಡು ಅಲ್ಲೇ ರಟ್ಟಿನ ಪೆಟ್ಟಿಗೆ ಎಣಿಸುತ್ತಿದ್ದೆ. ಮೇಷ್ಟ್ರು ಬುತ್ತಿ ಹಿಡಿದುಕೊಂಡು ಅವನ ಮುಂದೆ ಹೋಗಿ ಕೂತರು.

"ಅವತ್ತು 'ನನ್ನ ವಿಷಯ ಎಲ್ಲ ಗೊತ್ತಿದ್ದೂ' ಅಂದೆಯಲ್ಲ. ಯಾವ ವಿಷಯ? ಅದನ್ನ ಹೇಳು, ಆಮೇಲೆ ಬೇಕಾದರೆ ಮಾತು ಬಿಡು."

ಗಡ್ಡಪ್ಪ ತಲೆಯೆತ್ತಿದ. "ಹೋದ ವರ್ಷವೇ ಹೇಳಿದ್ನಲ್ಲೋ, ಕಂಪ್ರೆಸರ್ ಪಕ್ಕದಲ್ಲಿ ಊಟಕ್ಕೆ ಕೂತಾಗ. ನನಗೆ ಕಿವಿ ಹೋಯ್ತು, ಇನ್ನು ಮೇಲೆ ನಿನ್ನ ಮುಖ ನೋಡೇ ತಲೆಯಾಡಿಸ್ತೀನಿ, ಯಾರಿಗೂ ಹೇಳಬೇಡ, ಕೈ ಬಿಡಬೇಡ ಅಂತ. ನೀನು ಹೂಂ ಅಂತ ತಲೆಯಾಡಿಸಿದೆ."

ಮೇಷ್ಟ್ರ ಕೈಯಲ್ಲಿದ್ದ ಬುತ್ತಿ ವಾಲಿತು.

"ನಾನೂ ಅದನ್ನೇ ಹೇಳಿದ್ನಲ್ಲೋ," ಎಂದರು. "ಅಲ್ಲೇ, ಅದೇ ಗೋಡೆ ಹತ್ತಿರ. ನನಗೆ ಕೇಳಿಸ್ತಿಲ್ಲ, ನಿನ್ನನ್ನೇ ನೋಡ್ಕೊಂಡು ನಡೆಸ್ತೀನಿ ಅಂತ."

"ನಾನೇನಂದೆ?"

"ತಲೆಯಾಡಿಸಿದೆ."

ನಾನು ಪೆಟ್ಟಿಗೆ ಎಣಿಸುವುದನ್ನು ಬಿಟ್ಟಿದ್ದೆ. ಗಡ್ಡಪ್ಪನ ಗಡ್ಡ ಅದುರಿತು. ಅಳುತ್ತಾನೋ ನಗುತ್ತಾನೋ ಎಂದು ನನಗೆ ದಿಗಿಲಾಯಿತು. ಅವನು ತನ್ನ ಬುತ್ತಿಯನ್ನು ಬಿಚ್ಚಿ, ಮೇಷ್ಟ್ರ ಬುತ್ತಿಯ ಪಕ್ಕಕ್ಕೆ ಸರಿಸಿದ.

"ತಪ್ಪಾಯ್ತು ಕಣೋ," ಎಂದರು ಮೇಷ್ಟ್ರು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ.

ಗಡ್ಡಪ್ಪ ಈ ಸಲ ತಲೆಯಾಡಿಸಲಿಲ್ಲ.

"ಕೇಳಿಸ್ತು," ಎಂದ.